ಗೋಡೆಗೆ ಮುಖ ಮಾಡಿ ನಿಂತ ಸಂತ ಅಂತೋನಿ

ಪೋರ್ತೊ ಪಕ್ಕದ ನಮ್ಮ ಬಂದರೂರು ಮಾತೊಸಿನ್ಯೂಶ್‌ನ ಮೀನಿನ ಕಾರ್ಖಾನೆಯಲ್ಲಿ ಎತೆಲ್ವಿನಕ್ಕ ನಲವತ್ತೊಂದು ವರ್ಷ ಬೂತಾಯಿ ಮೀನಿನ ತಲೆ ಕತ್ತರಿಸಿ ಡಬ್ಬಿಗೆ ಜೋಡಿಸಿದವರು. ದೋಣಿ ಬಂತೆಂದು ಸೈರನ್ ಕೂಗಿದರೆ ಒಲೆ ಮೇಲಿನ ಸಾರನ್ನೂ ಕೈಯಲ್ಲಿನ ಜಪಮಾಲೆಯನ್ನೂ ಬಿಟ್ಟು ಓಡುತ್ತಿದ್ದರು. ಅವರಿಗೆ ಓದು ಬರದು. ಆದರೆ ಸರ್ಕಾರಿ ಲಕೋಟೆಯ ಮುದ್ರೆ ಮಾತ್ರ ಚೆನ್ನಾಗಿ ಗೊತ್ತಿತ್ತು.

ತೊಂಬತ್ತೆರಡನೇ ಇಸವಿಯಲ್ಲಿ ಹಿರಿಮಗ ಜಸಿಂತೊನನ್ನು ಕೋರ್ಟಿಗೆ ಕರೆಸಿದ್ದು ಅಂಥದೇ ಲಕೋಟೆ. ಜೇಬಿನಲ್ಲಿ ಒಂದು ಪೊಟ್ಟಣ ಹೆರಾಯಿನ್ ಸಿಕ್ಕಿತ್ತು. ಎತೆಲ್ವಿನಕ್ಕನೇ ಅಂಗಿಗೆ ಇಸ್ತ್ರಿ ಹಾಕಿ, "ನಿಜ ಹೇಳಿಬಿಡು, ಬಿಟ್ಟುಬಿಡ್ತಾರೆ" ಎಂದು ಕರೆದುಕೊಂಡು ಹೋಗಿದ್ದರು. ಅವನು ನಿಜವನ್ನೇ ಹೇಳಿದ. ಜೈಲಿಗೆ ಹಾಕಿದರು. ಒಳಗೆ ಒಂದೇ ಸೂಜಿಯನ್ನು ಎಷ್ಟೋ ಜನ ಹಂಚಿಕೊಂಡರಂತೆ. ರೋಗ ಹೊತ್ತು ಮನೆಗೆ ಬಂದ. ಎಂಟು ತಿಂಗಳಲ್ಲಿ ಹೋಗಿಬಿಟ್ಟ.

ನಾನು ಅವರ ಕೆಳಗಿನ ಮನೆಯವಳು, ಚರ್ಚಿನ ಹೂವಿನ ಕೆಲಸ ನನ್ನದು. ಎರಡು ಸಾವಿರದ ಎರಡನೇ ಇಸವಿಯ ವಸಂತದಲ್ಲಿ ಹೂದಾನಿ ಕೇಳಲು ಮೇಲೆ ಹೋದಾಗ, ಕಪಾಟಿನ ಮೇಲಿನ ಅವರ ಮಣ್ಣಿನ ಸಂತ ಅಂತೋನಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಹುಡುಗಿಯರಿಗೆ ಗಂಡು ಹುಡುಕಿಕೊಡುವ ಸಂತ ಅವನು; ಕೇಳಿದ್ದು ಕೊಡುವವರೆಗೆ ಅವನಿಗೆ ಹೀಗೆ ಶಿಕ್ಷೆ ಕೊಡುವುದು ನಮ್ಮ ಹೆಂಗಸರ ಅಭ್ಯಾಸ. ನನಗದು ಸರಿ ಅನ್ನಿಸುವುದಿಲ್ಲ.

"ಏನಕ್ಕ, ಈ ವಯಸ್ಸಲ್ಲಿ ಗಂಡು ಬೇಕಂತ ಹಟ ಹಿಡಿದ್ರಾ?"

"ಇದ್ದ ಒಬ್ಬ ಗಂಡನ್ನ ಹೂತದ್ದೇ ಸಾಕಾಗಿದೆ ಕಣೇ ಸೆಲೆಸ್ತೆ" ಎಂದು ನಕ್ಕರು. ಆಮೇಲೆ ನಗು ನಿಂತಿತು. ಸಂತನ ಪಾದದಡಿಯಿಂದ ಲಕೋಟೆ ತೆಗೆದರು. ಕಿರಿಮಗ ಅಬೀಲಿಯೊಗೆ ಬಂದದ್ದು. ಹದಿನೈದು ದಿನದಿಂದ ಬಚ್ಚಿಟ್ಟಿದ್ದರು.

ನಾನು ಓದಿದೆ. ಜೇಬಿನಲ್ಲಿ ಪೊಟ್ಟಣ ಸಿಕ್ಕಿದ್ದಕ್ಕೆ ನಾಡಿದ್ದು ಹತ್ತು ಗಂಟೆಗೆ ಪೋರ್ತೊಗೆ ಬರಬೇಕು. "ಅಕ್ಕ, ಇದು ಕೋರ್ಟಲ್ಲ, ಚಟ ಬಿಡಿಸೋ ಆಯೋಗ. ಹೋದ ವರ್ಷ ಕಾನೂನು ಬದಲಾಯ್ತಲ್ಲ. ತಾನು ಸೇದೋಕೆ ಸ್ವಲ್ಪ ಇಟ್ಕೊಂಡಿದ್ರೆ ಈಗ ಅಪರಾಧ ಅಲ್ಲ."

"ಬೋರ್ಡ್ ಬದಲಾಯಿಸಿದ್ರೆ ಜೈಲು ಆಸ್ಪತ್ರೆ ಆಗತ್ತಾ? ಒಬ್ಬನ್ನ ನಾನೇ ಕೈಯಾರೆ ಕೊಟ್ಟೆ. ಇವನನ್ನೂ ಕೊಡ್ಲಾ?"

ನಾನು ಕಾಗದ ಮಡಚಿ ಲಕೋಟೆಯೊಳಗೆ ಹಾಕಿದೆ. ಅವರು ಅದನ್ನು ಮತ್ತೆ ಸಂತನ ಪಾದದಡಿ ಇಟ್ಟು ಹೇಳಿದರು: "ನಾಳೆ ಬಾ. ಮೊದಲು ನಾವು ನೋಡಿ ಬರೋಣ."

ಬಸ್ಸಿನಲ್ಲಿ ಪೋರ್ತೊಗೆ, ಆಯೋಗದ ಕಚೇರಿಗೆ ಹೋದೆವು. ಮೂರನೇ ಮಹಡಿ. ಒಂದು ಕೋಣೆ, ದುಂಡು ಮೇಜು, ನಾಲ್ಕಾರು ಕುರ್ಚಿ. ಎತೆಲ್ವಿನಕ್ಕ ಕಿಟಕಿಗೆ ಸರಳಿದೆಯೇ ಎಂದು ನೋಡಿದರು. ಬಾಗಿಲು ಹಾಕಿಕೊಂಡು, ಒಳಗಿನಿಂದ ತೆರೆಯುತ್ತದೆಯೇ ಎಂದು ಎರಡು ಸಲ ಪರೀಕ್ಷಿಸಿದರು. ತೆರೆಯಿತು. ಹೊರಗೆ ಅಲ್ಲಿಯ ಸಿಬ್ಬಂದಿಯ ಹೆಂಗಸೊಬ್ಬಳು ನಿಂತಿದ್ದಳು.

"ಏನಮ್ಮಾ, ಮನೆ ಬಾಡಿಗೆಗೆ ಬೇಕಿತ್ತಾ?"

"ಕೈಕೋಳ ಎಲ್ಲಿಡ್ತೀರಿ?"

"ನಮ್ಮಲ್ಲಿಲ್ಲ. ಕಾಫಿ ಮೆಷಿನ್ ಇದೆ, ಅದೂ ಕೆಟ್ಟಿದೆ."

ಎತೆಲ್ವಿನಕ್ಕ ನಗಲಿಲ್ಲ. "ನನ್ನ ಮಗನ್ನ ಏನ್ ಮಾಡ್ತೀರಿ?"

ಆ ಹೆಂಗಸು ಮಾತಿನ ಧಾಟಿ ಬದಲಿಸಿದಳು. "ಕೂರಿಸಿ ಮಾತಾಡಿಸ್ತೀವಿ. ಚಟ ಬಿಡ್ತೀನಿ ಅಂದ್ರೆ ಡಾಕ್ಟರ ಹತ್ರ ಕಳಿಸ್ತೀವಿ. ಬೇಡ ಅಂದ್ರೆ ಮತ್ತೆ ಕರೀತೀವಿ. ವಾಸಿಯಾಗೇ ಆಗ್ತಾನೆ ಅಂತ ಮಾತು ಕೊಡಲ್ಲಮ್ಮ. ಸಂಜೆ ಮನೆಗಂತೂ ಬರ್ತಾನೆ."

ಆ ದಿನವೇ ಲಕೋಟೆ ಅಬೀಲಿಯೊ ಕೈ ಸೇರಿತು. ಅವನು ರೇಗಿದ. "ಹದಿನೈದು ದಿನ! ನನಗೆ ಒಂದು ಮಾತು ಹೇಳಬಾರ್ದಿತ್ತಾ?"

"ನಿಮ್ಮಣ್ಣಂಗೆ ಹೇಳಿದ್ದೆ" ಎಂದರು ಎತೆಲ್ವಿನಕ್ಕ. ಅವನು ಲಕೋಟೆ ಮಡಚಿ ಜೇಬಿಗೆ ಹಾಕಿಕೊಂಡ.

ಮರುದಿನ ಅವರು ಅಂಗಿಗೆ ಇಸ್ತ್ರಿ ಹಾಕಲಿಲ್ಲ. ಮೊಣಕೈ ಹರಿದ ಸ್ವೆಟರಿನಲ್ಲೇ ಅವನು ಒಳಗೆ ಹೋದ. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತೆವು. ನಾನು ಜಪಮಾಲೆ ಹಿಡಿದೆ. ಎತೆಲ್ವಿನಕ್ಕನ ಕಣ್ಣು ಬಾಗಿಲಿನ ಹಿಡಿಯ ಮೇಲಿತ್ತು. ಮುಕ್ಕಾಲು ಗಂಟೆಯಾದ ಮೇಲೆ ಆ ಹಿಡಿ ಒಳಗಿನಿಂದ ತಿರುಗಿತು.

ಅವನ ಕೈಯಲ್ಲಿ ಚಿಕಿತ್ಸಾ ಕೇಂದ್ರದ ಚೀಟಿ. "ಸೋಮವಾರ ಡಾಕ್ಟರನ್ನ ನೋಡ್ಬೇಕಂತೆ" ಎಂದ. ಅಮ್ಮ ಚೀಟಿ ನೋಡಲಿಲ್ಲ. ಅವನ ಎರಡೂ ಮಣಿಕಟ್ಟುಗಳನ್ನು ಹಿಡಿದು ನೋಡಿದರು. "ಹಸಿವಾಯ್ತಾ?" ಎಂದರು.

ಸೋಮವಾರ ಸಂಜೆ ಹೂದಾನಿ ಹಿಂದಿರುಗಿಸಲು ಹೋದೆ. ಸಂತ ಅಂತೋನಿ ಗೋಡೆಯನ್ನೂ ನೋಡುತ್ತಿರಲಿಲ್ಲ, ಕೋಣೆಯನ್ನೂ ನೋಡುತ್ತಿರಲಿಲ್ಲ, ಅಡ್ಡಕ್ಕೆ ನಿಂತಿದ್ದ.

"ಪಾಪ, ಪೂರ್ತಿ ತಿರುಗಿಸಿಬಿಡಿ ಅಕ್ಕ."

"ಇರಲಿ ಬಿಡೇ. ಹುಡುಗ ಇವತ್ತು ಹೋಗಿ ಬಂದ. ಗುರುವಾರ ಮತ್ತೆ ಹೋಗ್ಬೇಕು. ಅವನು ತಿರುಗಿದಷ್ಟು ಇವನೂ ತಿರುಗಲಿ."