ಕಂಡಕ್ಟರಣ್ಣನ ಹಬ್ಬದ ತಯಾರಿ

ನೆಲ ಅಲುಗಾಡದಿದ್ದರೂ ಅವರು ಕಾಲು ಅಗಲಿಸಿಯೇ ನಿಲ್ಲುತ್ತಿದ್ದರು. ಎಡ ಭುಜ ಬಲಕ್ಕಿಂತ ಎರಡು ಬೆರಳಿನಷ್ಟು ಕೆಳಗಿತ್ತು. ಮೂವತ್ತು ವರ್ಷ ಟಿಕೆಟ್ ಚೀಲ ಹೊತ್ತ ಭುಜ. ಮಧುಗಿರಿಯ ಬಾಡಿಗೆ ಮನೆಗೆ ನಾವು ಬಂದ ಮಾರನೆಯ ಬೆಳಿಗ್ಗೆ ಕಿಟಕಿಯಿಂದ ಅವರನ್ನು ಮೊದಲು ನೋಡಿದೆ. ಪಕ್ಕದ ಮನೆಯಲ್ಲಿ ಸ್ಟೂಲಿನ ಮೇಲೆ ಹಾಗೆ ಕಾಲು ಅಗಲಿಸಿ ನಿಂತು, ಫ್ಯಾನಿನ ರೆಕ್ಕೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ನನ್ನನ್ನು ಕಂಡು, ದೀಪಾವಳಿ ಬಂತಲ್ಲ ಅಂದರು. ದೀಪಾವಳಿಗೆ ಇನ್ನೂ ಒಂದೂವರೆ ತಿಂಗಳಿತ್ತು.

ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ಅದೇ ಬೇಸಿಗೆಯಲ್ಲಿ ನಿವೃತ್ತರಾಗಿದ್ದರು. ಬೀದಿಯವರೆಲ್ಲ ಕಂಡಕ್ಟರಣ್ಣ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ. ಐ.ಡಿ.ಹಳ್ಳಿ ಕಡೆಯ ಶಾಲೆಯಲ್ಲಿ ಪಾಠ ಮಾಡಿ ಸಂಜೆ ಬಸ್ಸಿಳಿದು ಬರುವ ನನ್ನನ್ನು ಕಂಡಕ್ಟರಣ್ಣ ದಿನವೂ ಗೇಟಿನ ಹತ್ತಿರ ತಡೆದು, ಅವತ್ತು ಮುಗಿದ ಕೆಲಸದ ವರದಿ ಒಪ್ಪಿಸುತ್ತಿದ್ದರು. ಅಟ್ಟದ ಪಾತ್ರೆಗಳು ಇಳಿದವು. ಹೊದಿಕೆಗಳು ಒಗೆದು ಒಣಗಿದವು. ಗಿರಣಿಯಲ್ಲಿ ಸಾಲು ಶುರುವಾಗುವ ಮೊದಲೇ ಚಕ್ಕುಲಿ ಹಿಟ್ಟು ಬೀಸಿಸಿ ಬಂದರು. ಹಬ್ಬದ ವಾರ ದರ್ಜಿ ಯಾರ ಮುಖವನ್ನೂ ನೋಡುವುದಿಲ್ಲವೆಂದು ಅಕ್ಕನ ರವಿಕೆ ಬಟ್ಟೆಯನ್ನು ಮಹಾಲಯ ಅಮಾವಾಸ್ಯೆಗೆ ಮುಂಚೆಯೇ ಕೊಟ್ಟರು.

ಇಷ್ಟು ಆತುರ ಯಾಕೆ ಅಂತ ಒಮ್ಮೆ ಕೇಳಿದೆ.

"ಎಲ್ರೂ ಹತ್ತೋ ಸ್ಟಾಪಲ್ಲಿ ಹತ್ತಬಾರ್ದು ಟೀಚರಮ್ಮ," ಅಂದರು. "ಒಂದ್ ಸ್ಟಾಪ್ ಹಿಂದಕ್ಕೋಗಿ ಹತ್ತಬೇಕು. ಆರಾಮಾಗಿ ಕೂತ್ಕಂಡ್ ಬರಬೌದು."

ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ಕಾಂಪೌಂಡಿನ ಮೇಲೆ ಕೈಯಿಟ್ಟುಕೊಂಡು ಹೇಳಿದರು. ಹಬ್ಬ ಬಂದರೆ ಕಂಡಕ್ಟರನಿಗೆ ರಜೆಯಿಲ್ಲ. ಎಲ್ಲರೂ ಊರಿಗೆ ಹೋಗಬೇಕು, ಅವರನ್ನು ಕರೆದುಕೊಂಡು ಹೋಗುವವನು ಬಸ್ಸಿನಲ್ಲೇ ಇರಬೇಕು. ಪಾವಗಡದಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಪಾವಗಡಕ್ಕೆ. ಪ್ರಯಾಣಿಕರು ಪ್ರೀತಿಯಿಂದ ಪೊಟ್ಟಣ ಬಿಚ್ಚಿ ಕೊಟ್ಟದ್ದನ್ನು ಕೊರಟಗೆರೆ ಸ್ಟ್ಯಾಂಡಿನಲ್ಲಿ ನಿಂತೇ ತಿನ್ನುತ್ತಿದ್ದರಂತೆ.

"ಎಲ್ಲಾ ಊರಿನ ಕಜ್ಜಾಯನೂ ತಿಂದಿವ್ನಿ. ನಮ್ಮನೇದು ಒಂದ್ ಸಲನೂ ಬಿಸೀದು ತಿಂದಿಲ್ಲ. ಅವ್ಳು ಒಬ್ಳೇ ಎಲ್ಲಾ ಮಾಡಿ, ನಾನ್ ಬರೋ ಹೊತ್ಗೆ ಸುಸ್ತಾಗಿ ಮಲಗ್ಬುಟ್ಟಿರೋಳು. ಈ ಸಲ ಅವ್ಳನ್ನ ಕೂರಿಸ್ಬೇಕು."

ಆದರೆ ಅಕ್ಕನನ್ನು ಕೂರಿಸುವುದು ಅವರೆಣಿಸಿದಷ್ಟು ಸುಲಭವಾಗಲಿಲ್ಲ. ಆ ವರ್ಷ ಹಬ್ಬದ ಬೆಳಿಗ್ಗೆ ಎಂಟು ಗಂಟೆಗೆಲ್ಲ ಅವರ ಮನೆಯ ಕೆಲಸ ಮುಗಿದಿತ್ತು. ಕಜ್ಜಾಯದ ಪಾಕದ ಹಿಟ್ಟು ವಾರದ ಮುಂಚೆಯೇ ಡಬ್ಬಿಯಲ್ಲಿ ಹದವಾಗಿ ಕೂತಿತ್ತು, ಎಣ್ಣೆಗೆ ಬಿಡುವುದಷ್ಟೇ ಬಾಕಿ. ಅಕ್ಕ ಹೊಸ ಸೀರೆಯುಟ್ಟು ಅಡುಗೆಮನೆಗೂ ಬಾಗಿಲಿಗೂ ಓಡಾಡುತ್ತಿದ್ದರು. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದರು. ನಾನು ಕುಂಕುಮಕ್ಕೆ ಹೋದಾಗ, ನನ್ನ ಅಡುಗೆಮನೆಯಲ್ಲಿ ನನಗೇ ಕೆಲಸವಿಲ್ಲ ಎಂದು ಮೆಲ್ಲಗೆ ದೂರಿದರು. ಕಣ್ಣು ತುಂಬಿತ್ತು. ಕಂಡಕ್ಟರಣ್ಣ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಅವರ ಮುಖ ಸಣ್ಣದಾಯಿತು.

ಅವತ್ತು ಅವರನ್ನು ಕಾಪಾಡಿದ್ದು ಹೂರಣ. ಹುಮ್ಮಸ್ಸಿನಲ್ಲಿ ಒಬ್ಬಟ್ಟಿನ ಹೂರಣವನ್ನೂ ಮೂರು ದಿನ ಮುಂಚೆಯೇ ಮಾಡಿ, ಫ್ರಿಜ್ಜಿನಲ್ಲಿ ಜಾಗ ಸಾಲದೆ ಕಪಾಟಿನಲ್ಲಿ ಇಟ್ಟಿದ್ದರು. ಮುಚ್ಚಳ ತೆಗೆದರೆ ಹುಳಿ ವಾಸನೆ. ಅಕ್ಕ ಒಮ್ಮೆ ಪಾತ್ರೆ ನೋಡಿದರು, ಒಮ್ಮೆ ಗಂಡನ ಮುಖ ನೋಡಿದರು, ಆಮೇಲೆ ನಗಲು ಶುರು ಮಾಡಿದವರು ಗೋಡೆ ಹಿಡಿದುಕೊಳ್ಳಬೇಕಾಯಿತು.

"ಅಂತೂ ನಂಗೂ ಒಂದ್ ಕೆಲ್ಸ ಉಳಿಸ್ದ್ರಲ್ಲ," ಅಂದು ಸೆರಗು ಸಿಕ್ಕಿಸಿಕೊಂಡು ಹೆಸರುಬೇಳೆ ಪಾಯಸಕ್ಕೆ ಇಟ್ಟರು.

ಅದು ಕುದಿಯುವಾಗ ಕಂಡಕ್ಟರಣ್ಣ ಕಜ್ಜಾಯ ಎಣ್ಣೆಗೆ ಬಿಟ್ಟರು. ಗಂಡ ಹೆಂಡತಿ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಬಿಸಿಬಿಸಿಯಾಗಿ ತಿಂದರು. ನನ್ನ ಕೈಗೂ ಎರಡು ಬಂದವು. ಮುಂದಿನ ವರ್ಷದಿಂದ ಅವರ ಕ್ಯಾಲೆಂಡರಿನಲ್ಲಿ ಯಾವುದು ಒಂದು ತಿಂಗಳು ಮುಂಚೆ, ಯಾವುದು ಹಿಂದಿನ ದಿನ ಎಂದು ಅಕ್ಕನ ಕೈಬರಹದಲ್ಲಿ ಗುರುತುಗಳಿರುತ್ತಿದ್ದವು. ಅಕ್ಕನಿಗೂ ರುಚಿ ಹತ್ತಿತ್ತು. ಹಬ್ಬದ ದಿನ ಹನ್ನೊಂದು ಗಂಟೆಗೆ ಜಗಲಿಯಲ್ಲಿ ಕಾಲು ಚಾಚಿ ಕೂತು, ಅವಸರದಲ್ಲಿ ಓಡಾಡುವ ಬೀದಿಯವರನ್ನೆಲ್ಲ ಮಾತಾಡಿಸುತ್ತಿದ್ದರು.

ನಾನು ಮಾತ್ರ ಹಳೇ ದಾರಿಯಲ್ಲೇ ಇದ್ದೆ. ಹಬ್ಬದ ಹಿಂದಿನ ಸಂಜೆ ಅಂಗಡಿಗೆ ಓಡುವುದು, ಹಬ್ಬದ ದಿನ ಗಂಡನ ಮೇಲೂ ಮಗಳ ಮೇಲೂ ರೇಗುವುದು. ನಾಲ್ಕನೆಯ ವರ್ಷ ನಾನು ಬೇಡವೆಂದರೂ ಕಂಡಕ್ಟರಣ್ಣ ಕೇಳಲಿಲ್ಲ. ಅಕ್ಕಿ, ಉದ್ದು ಹುರಿದು ಕೊಡಿ, ನಾನು ಹೇಗೂ ಗಿರಣಿಗೆ ಹೋಗುತ್ತೇನೆ ಎಂದು ಚೀಲ ಹಿಡಿದು ಬಾಗಿಲಿಗೇ ಬಂದರು. ನಾಚಿಕೆಗೆ ಹುರಿದುಕೊಟ್ಟೆ. ಅವರ ಒತ್ತಾಯಕ್ಕೇ ಮಗಳ ಲಂಗವೂ ದರ್ಜಿಗೆ ಹೋಯಿತು, ಮನೆಯ ಧೂಳೂ ಇಳಿಯಿತು. ಅಷ್ಟರಲ್ಲಿ ದಸರಾ ರಜೆಯಲ್ಲಿ ಶಿಕ್ಷಕರಿಗೆಲ್ಲ ಸರ್ವೆ ಡ್ಯೂಟಿ ಬಿತ್ತು. ಮನೆ ಮನೆ ತಿರುಗುವ ಕೆಲಸ ದೀಪಾವಳಿಯ ಹಿಂದಿನ ಸಂಜೆಯವರೆಗೂ ಎಳೆಯಿತು. ಕಾಲು ಊದಿಸಿಕೊಂಡು ಬಂದು ಬಾಗಿಲು ತೆರೆದೆ. ಮನೆ ಒಪ್ಪವಾಗಿತ್ತು. ಒಲೆಯ ಪಕ್ಕ ಪಾಕದ ಹಿಟ್ಟಿನ ಡಬ್ಬಿ. ನನ್ನ ಗಂಡ ಅಕ್ಕನಿಂದ ಕೇಳಿ ಕಲಿತು ತಾನೇ ಹದ ಮಾಡಿದ್ದನಂತೆ. ಮಾಡುವುದು ಏನೂ ಉಳಿದಿರಲಿಲ್ಲ. ಕೈಕಾಲು ತೊಳೆದು, ಮಗಳ ತಲೆ ಬಾಚುತ್ತಾ ಕೂತೆ. ಅವಳು ಶಾಲೆಯ ಕತೆಯನ್ನೆಲ್ಲ ಹೇಳಿದಳು. ಹಬ್ಬದ ಹಿಂದಿನ ದಿನ ನಾನು ಅವಳ ಮಾತು ಪೂರ್ತಿ ಕೇಳಿದ್ದು ಅದೇ ಮೊದಲು.

ಆಮೇಲೆ ನನಗೆ ಶಿರಾಕ್ಕೆ ವರ್ಗವಾಯಿತು. ಪ್ರತಿ ವರ್ಷ ಗಣಪತಿ ಬಿಟ್ಟ ಮಾರನೆಯ ವಾರ ತಪ್ಪದೆ ಅವರ ಫೋನ್ ಬರುತ್ತಿತ್ತು: ಶುರು ಮಾಡಿದ್ರಾ ಟೀಚರಮ್ಮ?

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ನಾವು ಹೋಗಿ ಮಣ್ಣು ಹಾಕಿ ಬಂದೆವು. ಆ ವರ್ಷವೂ ಗಣಪತಿ ಬಿಟ್ಟ ಮಾರನೆಯ ವಾರ ಅವರ ನಂಬರಿನಿಂದಲೇ ಫೋನ್ ಬಂತು. ಎತ್ತಿದೆ. ಅಕ್ಕ ಮಾತಾಡಿದರು.

"ನಮ್ಗೆ ಈ ವರ್ಸ ಹಬ್ಬ ಇಲ್ಲ ಕಣಮ್ಮ. ಅವ್ರು ಫೋನ್ ಮಾಡೋ ಹೊತ್ತಲ್ವಾ ಇದು, ಅದ್ಕೇ ಮಾಡ್ದೆ. ನೀವು ಶುರು ಮಾಡಿದ್ರಾ?"

ಇಲ್ಲ ಅಂದೆ. ಮನಸ್ಸೇ ಬಂದಿರಲಿಲ್ಲ.

"ನಾಳೆಯಿಂದ ಶುರು ಮಾಡಿ ಮತ್ತೆ. ಹಬ್ಬದ ದಿನ ಬೆಳಿಗ್ಗೆ ಬಸ್ಸಿಗೆ ನಾನೇ ಬರ್ತೀನಿ. ಕೆಲ್ಸ ಇಟ್ಕಂಡಿರಬ್ಯಾಡಿ."

ಬಂದರು. ಶೋಕದ ಮನೆಯವರು ಹಾಗೆ ಬರಬಾರದೆಂದು ಯಾರೋ ಅಂದರಂತೆ. ಅವರು ಕಿವಿಗೆ ಹಾಕಿಕೊಂಡಿರಲಿಲ್ಲ. ಅವರು ಬರುವ ಹೊತ್ತಿಗೆ ನಮ್ಮ ಮನೆಯಲ್ಲಿ ಎಲ್ಲ ಮುಗಿದಿತ್ತು. ನಾನೂ ಅಕ್ಕನೂ ಬಾಗಿಲ ಬಳಿ ಚಾಪೆ ಹಾಸಿಕೊಂಡು ಮಧ್ಯಾಹ್ನದವರೆಗೆ ಕಂಡಕ್ಟರಣ್ಣನ ಮಾತನ್ನೇ ಆಡಿದೆವು. ಅತ್ತಿದ್ದಕ್ಕಿಂತ ನಕ್ಕಿದ್ದೇ ಹೆಚ್ಚು. ಒಳಗಿನಿಂದ ಯಾರೂ ನನ್ನನ್ನು ಕೂಗಲಿಲ್ಲ. ಹಬ್ಬದ ದಿನ ಒಬ್ಬರ ಪಕ್ಕದಲ್ಲಿ ಅಷ್ಟು ಹೊತ್ತು ಕೂರುವ ಬಿಡುವು ನನಗೆ ಬಂದದ್ದು ಆ ಮನುಷ್ಯನಿಂದ.