ಗೋಡೆಯ ಮೇಲಿನ ನಮ್ಮೋರು

ಗೌರಿಬಿದನೂರಿನ ನಮ್ಮ ಮನೆಯ ನಡುಮನೆಯಲ್ಲಿ ತಾತನ ಫೋಟೊ ಇರಲಿಲ್ಲ. ಗೋಡೆಯಲ್ಲಿ ಜಾಗ ಇಲ್ಲ ಎನ್ನುವುದು ಅಪ್ಪನ ಸಮಜಾಯಿಷಿ. ಇದ್ದ ಜಾಗವನ್ನೆಲ್ಲ ನಮ್ಮ ಮನೆಗೆ ಒಮ್ಮೆಯೂ ಕಾಲಿಡದ ಒಂಬತ್ತು ಜನ ಹಂಚಿಕೊಂಡಿದ್ದರು. ಒಬ್ಬರು ನ್ಯಾಯಮೂರ್ತಿ. ಒಬ್ಬರು ರಾಕೆಟ್ ವಿಜ್ಞಾನಿ. ಒಬ್ಬರು ತೆಲುಗು ಸಿನಿಮಾಗಳಲ್ಲಿ ನಾಯಕನ ಕೈಲಿ ಒದೆ ತಿನ್ನುವವರು. ಒಬ್ಬಾಕೆ ಭಾರ ಎತ್ತಿ ಪದಕ ಗೆದ್ದವಳು. ಇನ್ನೊಬ್ಬರು ಪಕ್ಕದ ರಾಜ್ಯದ ಮಾಜಿ ಮಂತ್ರಿ. ಉಳಿದವರಲ್ಲಿ ಇಬ್ಬರು ಏನು ಮಾಡಿ ಪ್ರಸಿದ್ಧರಾದರೆಂದು ನನಗೆ ಈವತ್ತಿಗೂ ಗೊತ್ತಿಲ್ಲ. ಎಲ್ಲರೂ ಪತ್ರಿಕೆಯಿಂದ ಕತ್ತರಿಸಿ, ರಟ್ಟಿಗೆ ಅಂಟಿಸಿ, ಗಾಜು ಹಾಕಿಸಿದ ಚಿತ್ರಗಳು. ಅವರನ್ನು ಒಂದೇ ಗೋಡೆಗೆ ತಂದದ್ದು ಅವರ ಮನೆಹೆಸರು. ನಮ್ಮದೂ ಅದೇ.

ಮನೆಹೆಸರು, ತೆಲುಗಿನಲ್ಲಿ ಇಂಟಿಪೇರು, ಎಂದರೆ ಆಂಧ್ರದ ಗಡಿಯ ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಆದ ಮೇಲೆ, ಮದುವೆಯ ಮಾತು ಬಂದಾಗ ಮಾತ್ರ ಪೆಟ್ಟಿಗೆಯಿಂದ ತೆಗೆಯುವ ಹೆಸರು ಅದು. ಒಂದೇ ಮನೆಹೆಸರಿನವರು ಅಣ್ಣತಮ್ಮಂದಿರು. ಅವರೊಳಗೆ ಹೆಣ್ಣು ಕೊಡುವಂತಿಲ್ಲ, ತರುವಂತಿಲ್ಲ. ನಮ್ಮದು ತೀರ ಅಪರೂಪದ್ದು. ಜಿಲ್ಲೆಯಲ್ಲಿ ಎರಡು ಮನೆಯವರು ಸಿಗುವುದೂ ಕಷ್ಟ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅಪ್ಪನಂಥವರು ಇನ್ನೊಬ್ಬರು ಎಲ್ಲೋ ಕತ್ತರಿ ಹಿಡಿದು ಕೂತಿರಬಹುದು.

ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಬೆಳಿಗ್ಗೆ ಕಾಫಿಯ ಜೊತೆ ಎರಡು ಪತ್ರಿಕೆ, ಒಂದು ಕನ್ನಡ, ಒಂದು ತೆಲುಗು. ಓದುತ್ತಿರಲಿಲ್ಲ, ಹುಡುಕುತ್ತಿದ್ದರು. ಆ ಹೆಸರು ಕಣ್ಣಿಗೆ ಬಿದ್ದರೆ ಅಡುಗೆಮನೆಗೆ ಕೇಳುವಂತೆ, "ಮನವಾಳ್ಳೇ! ನಮ್ಮೋರೇ ಕಣೇ!" ಎಂದು ಕೂಗುತ್ತಿದ್ದರು. ಅಮ್ಮ ಒಗ್ಗರಣೆಯಿಂದ ಕಣ್ಣು ತೆಗೆಯದೆ, "ಊಟಕ್ಕೆ ಬರ್ತಾರಾ?" ಎಂದು ಕೇಳುತ್ತಿದ್ದಳು.

ಮಾಜಿ ಮಂತ್ರಿಯನ್ನು ಒಮ್ಮೆ ಪೊಲೀಸರು ಬಂಧಿಸಿದರು. ಅಂದು ಸಂಜೆಯೇ ಅವರ ಪಟ ಗೋಡೆಯಿಂದ ಇಳಿದು ಬೀರುವಿನ ಹಿಂದೆ ಹೋಯಿತು. "ಅವರು ಬೇರೆ ಕವಲು" ಎಂದರು ಅಪ್ಪ. ಖುಲಾಸೆಯಾದ ಮರುದಿನ ಧೂಳು ಒರೆಸಿ ಮತ್ತೆ ಅದೇ ಮೊಳೆಗೆ ನೇತುಹಾಕಿದರು. "ನನಗೆ ಮೊದ್ಲೇ ಗೊತ್ತಿತ್ತು, ನಮ್ಮ ರಕ್ತ ಅಂಥದ್ದಲ್ಲ."

ನ್ಯಾಯಮೂರ್ತಿಗಳು ಒಂದು ಸಮಾರಂಭಕ್ಕೆ ಚಿಕ್ಕಬಳ್ಳಾಪುರಕ್ಕೆ ಬಂದಾಗ ಅಪ್ಪ ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು, ಸಾಲಿನಲ್ಲಿ ನಿಂತು ತಮ್ಮ ಮನೆಹೆಸರು ಹೇಳಿಬಂದರು. ಅವರು "ಓಹೋ, ಸಂತೋಷ" ಎಂದು, ಆಗತಾನೆ ಯಾರೋ ತಮಗೆ ಕೊಟ್ಟಿದ್ದ ನಿಂಬೆಹಣ್ಣನ್ನು ಅಪ್ಪನ ಕೈಗಿಟ್ಟು ಮುಂದೆ ಹೋದರಂತೆ. ಆ ನಿಂಬೆಹಣ್ಣು ಪಟಗಳ ಕೆಳಗಿನ ಗೂಡಿನಲ್ಲಿ ಒಣಗಿ, ಕಪ್ಪಾಗಿ, ಗೋಲಿಯಷ್ಟಾಗಿ ವರ್ಷಗಟ್ಟಲೆ ಇತ್ತು. ಒಂದು ಸಲ ಕಸ ಎಂದು ಎಸೆಯಲು ಹೋಗಿ ಅಮ್ಮ ಮೂರು ದಿನ ಮಾತು ಕೇಳಿದಳು.

ಇಷ್ಟು ಅಭಿಮಾನದ ಅಪ್ಪ ಒಂದು ವಿಷಯದಲ್ಲಿ ಮಾತ್ರ ವಿಚಿತ್ರವಾಗಿ ನಡೆದುಕೊಳ್ಳುತ್ತಿದ್ದರು. ರಾಗಿ ಒಕ್ಕಣೆ ಮುಗಿದ ಮೇಲೆ ನಮ್ಮ ಮನೆಗೆ ಹೆಳವರು ಬರುತ್ತಿದ್ದರು. ಮನೆತನಗಳ ವಂಶಾವಳಿ ಬಾಯಿಪಾಠ ಮಾಡಿಕೊಂಡು, ಮನೆ ಬಾಗಿಲಿಗೆ ಬಂದು ಹೇಳಿ, ಕಾಳುಕಡ್ಡಿ ಪಡೆದು ಹೋಗುವವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದ ನಮ್ಮ ಹೆಳವ ಈಗ ಮೊಪೆಡ್ಡಿನಲ್ಲಿ ಬರುತ್ತಾನೆ. ಜಗಲಿಯಲ್ಲಿ ಕೂತು ರಾಗವಾಗಿ ನನ್ನಿಂದ ಅಪ್ಪನಿಗೆ, ಅಪ್ಪನಿಂದ ತಾತನಿಗೆ, ತಾತನಿಂದ ಮುತ್ತಾತನಿಗೆ ಏರುತ್ತಿದ್ದ. ಮುತ್ತಾತನ ಅಪ್ಪನ ಹತ್ತಿರ ಬರುತ್ತಿದ್ದಂತೆ ಅಪ್ಪ ಎದ್ದು, "ಸಾಕಪ್ಪ, ಊಟಕ್ಕೆ ಏಳು" ಎನ್ನುತ್ತಿದ್ದರು. ಪ್ರತಿ ವರ್ಷವೂ ಅಲ್ಲೇ. ಹೆಳವನ ಹಸಿವಿನ ಮೇಲೆ ಅಪ್ಪನಿಗೆ ಎಷ್ಟು ಕರುಣೆ ಎಂದುಕೊಂಡು ನಾನು ಬೆಳೆದೆ.

ಓದು ಮುಗಿಸಿ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನೊಬ್ಬ ಹಿಂದೂಪುರದ ಕಡೆಯಿಂದ ಬೆಳಗಿನ ರೈಲಿಗೆ ಬರುತ್ತಿದ್ದ. ಮಿತಭಾಷಿ. ನಾನು ಎರಡು ಸಲ ಬೈದ ಮೇಲೂ ನಗುತ್ತಲೇ ಇದ್ದ ಗಂಡಸು ನಾನು ಕಂಡಂತೆ ಅವನೊಬ್ಬನೇ. ನಮ್ಮಿಬ್ಬರ ಜಾತಿಯೂ ಒಂದೇ ಎಂದು ಗೊತ್ತಾದಾಗ, ಇವನನ್ನೇ ಮದುವೆಯಾಗುತ್ತೇನೆಂದು ಅಪ್ಪನ ಮುಂದೆ ನಿಲ್ಲುವ ಧೈರ್ಯಕ್ಕೆ ಅಷ್ಟು ಸಾಕು ಅಂದುಕೊಂಡೆ. ಆರು ತಿಂಗಳ ನಂತರ ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ, ಯಾವ ಪುಣ್ಯಾತ್ಮನ ನೆನಪಾಯಿತೋ, "ನಿಮ್ಮ ಇಂಟಿಪೇರು ಏನು?" ಎಂದು ಕೇಳಿದೆ.

ಅವನು ಹೇಳಿದ. ನಾನು ಕೈಯಲ್ಲಿದ್ದ ಮುದ್ದೆಯನ್ನು ಸಾರಿಗೆ ಬಿಟ್ಟೆ.

ಬೇರೆ ಹುಡುಗಿಯರ ಮದುವೆಗೆ ಜಾತಿ ಅಡ್ಡ ಬರುತ್ತದೆ, ಜಾತಕ ಅಡ್ಡ ಬರುತ್ತದೆ. ನನ್ನ ಮದುವೆಗೆ ಅಪ್ಪನ ಕತ್ತರಿ ಅಡ್ಡ ಬಂತು. ಬೇರೆ ಯಾರ ಮನೆಯಾಗಿದ್ದರೂ "ಆ ಹೆಸರಿನವರು ಬೇರೆ, ನಾವು ಬೇರೆ" ಎಂದು ಒಂದು ಮಾತಿನಲ್ಲಿ ತೇಲಿಸಬಹುದಿತ್ತು. ನಮ್ಮ ಅಪ್ಪನೋ, ಆ ಹೆಸರಿನವರೆಲ್ಲ ಒಂದೇ ರಕ್ತ ಎಂದು ಮೂವತ್ತು ವರ್ಷ ಊರಿಗೆಲ್ಲ ಪಾಠ ಹೇಳಿದವರು.

ಎರಡು ವಾರ ತಡೆದು ಒಂದು ಭಾನುವಾರ ಹೇಳಿಯೇಬಿಟ್ಟೆ. ಹುಡುಗನ ಊರು, ಕೆಲಸ, ಜಾತಿ ಕೇಳುವವರೆಗೂ ಅಪ್ಪನ ಮುಖ ಚೆನ್ನಾಗಿಯೇ ಇತ್ತು. ಮನೆಹೆಸರು ಹೇಳಿದಾಗ ಅಭ್ಯಾಸಬಲದಿಂದ "ನಮ್ಮೋರೇ!" ಎಂದು ಕುರ್ಚಿಯಿಂದ ಎದ್ದರು. ಎದ್ದವರಿಗೆ ಅರ್ಥವಾಯಿತು. ಮೆಲ್ಲನೆ ಕೂತರು.

"ಅಣ್ಣ ಆಗ್ತಾನಲ್ಲಮ್ಮ" ಎಂದರು.

"ಯಾವ ಲೆಕ್ಕದಲ್ಲಪ್ಪ?"

ಅಪ್ಪ ಗೋಡೆಯ ಕಡೆ ನೋಡಿದರು. ಒಂಬತ್ತು ಜನರೂ ನಮ್ಮನ್ನೇ ನೋಡುತ್ತಿದ್ದರು. ಬಾಯಿಗೆ ಬಂದ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನನಗೆ ಅಯ್ಯೋ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಕೋಪ ಬಂದಿತ್ತು. "ಆ ಪೈಕಿ ಒಬ್ಬರಾದ್ರೂ ನಿನಗೆ ಒಂದು ಕಾಗದ ಬರೆದಿದ್ದಾರಾ? ಅವರನ್ನ ಬಿಡೋಕಾಗಲ್ಲ, ನನ್ನನ್ನ ಬಿಡ್ತೀಯಾ?" ಎಂದು ಕೇಳಿದೆ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಸುದ್ದಿ ಚಿಕ್ಕಬಳ್ಳಾಪುರದ ದೊಡ್ಡಪ್ಪನನ್ನು ನಮಗಿಂತ ಮೊದಲು ತಲುಪಿತು. ದೊಡ್ಡಪ್ಪ ದ್ರಾಕ್ಷಿ ತೋಟದವರು, ಅಪ್ಪನ ಸಿದ್ಧಾಂತದ ಮೊದಲ ಶಿಷ್ಯರು. ತಮ್ಮ ಇಬ್ಬರು ಹೆಣ್ಣುಮಕ್ಕಳ ಮದುವೆಯಲ್ಲೂ ಬೀಗರ ಮುಂದೆ ನ್ಯಾಯಮೂರ್ತಿ, ವಿಜ್ಞಾನಿ ಎಲ್ಲರನ್ನೂ ಎಣಿಸಿ ಹೇಳಿದ್ದರು. ಅವರು ನಾಲ್ಕು ಜನ ಹಿರಿಯರನ್ನು ಸೇರಿಸಿ ನಮ್ಮನ್ನು ಕರೆಸಿದರು. ಅಪ್ಪ, ಅಮ್ಮ, ನಾನು ಬಸ್ಸಿನಲ್ಲಿ ಹೋದೆವು. ಅಲ್ಲಿ ಇಳಿದು ನೋಡಿದರೆ, ದೊಡ್ಡಪ್ಪನ ಮನೆಯ ಮುಂದೆ ನಮ್ಮ ಹೆಳವನ ಮೊಪೆಡ್ಡು ನಿಂತಿತ್ತು. ಒಕ್ಕಣೆಗೆ ಇನ್ನೂ ನಾಲ್ಕು ತಿಂಗಳಿತ್ತು. ಅವನನ್ನು ಕರೆಸಿದ್ದು ಅಪ್ಪ.

ದೊಡ್ಡಪ್ಪ ಹೆಚ್ಚು ಪೀಠಿಕೆ ಹಾಕಲಿಲ್ಲ. "ಏನೋ, ನೀನೇ ಹೇಳಿದ್ದಲ್ವೇನೋ, ನಮ್ಮ ಹೆಸರಿನೋರು ಜಗತ್ತಲ್ಲಿ ಎಲ್ಲಿದ್ರೂ ಒಂದೇ ಬೇರು ಅಂತ? ಈಗ ತಂಗೀನ ಅಣ್ಣನಿಗೆ ಕೊಡ್ತೀಯಾ? ಉಗೀತಾರೆ ಕಣೋ ಜನ."

"ಹೇಳಿದ್ದೆ ಅಣ್ಣ" ಎಂದರು ಅಪ್ಪ. ಆಮೇಲೆ ಹೆಳವನ ಕಡೆ ತಿರುಗಿ, "ನೀನು ಶುರು ಮಾಡಪ್ಪ" ಎಂದರು.

ಹೆಳವ ಕಣ್ಣು ಮುಚ್ಚಿ ರಾಗ ಎತ್ತಿದ. ನನ್ನಿಂದ ಅಪ್ಪನಿಗೆ, ಅಪ್ಪನಿಂದ ತಾತನಿಗೆ, ತಾತನಿಂದ ಮುತ್ತಾತನಿಗೆ. ಮುತ್ತಾತನ ಅಪ್ಪನ ಹತ್ತಿರ ಬಂದವನೇ ಟಕ್ಕನೆ ನಿಲ್ಲಿಸಿ, ಹೆಗಲ ಟವೆಲ್ಲು ಕೊಡವಿ, ಊಟಕ್ಕೆ ಏಳಲು ಸಿದ್ಧನಾದ. ಪಾಪ, ಅವನ ಕಾಲಿಗೂ ಆ ಜಾಗ ಬಾಯಿಪಾಠವಾಗಿತ್ತು.

"ಮುಂದಕ್ಕೆ ಹೇಳು" ಎಂದರು ಅಪ್ಪ.

ಹೆಳವ ಕಣ್ಣು ಬಿಟ್ಟ. "ಹೇಳ್ಲಾ ಯಜಮಾನ್ರೇ? ನೀವೇ ಬ್ಯಾಡ ಅಂತಿದ್ರಿ..."

"ಈಗ ಬೇಕು. ಹೇಳಪ್ಪ."

ಹೆಳವ ಹೇಳಿದ. ಮುತ್ತಾತನ ಅಪ್ಪ ಕೈವಾರದ ಆಚೆಯ ಒಂದು ಹಳ್ಳಿಯಿಂದ ಒಂದು ಕಂಬಳಿ, ಒಂದು ಜೊತೆ ಹೋರಿಯೊಂದಿಗೆ ಬಂದವನು. ಗಂಡುಮಕ್ಕಳಿಲ್ಲದ ಒಂದು ಮನೆಗೆ ಮನೆಅಳಿಯನಾಗಿ ಸೇರಿದವನು. ನಾವು ಎದೆ ಉಬ್ಬಿಸಿ ಹೇಳುತ್ತಿದ್ದ ಮನೆಹೆಸರು ಅವನ ಮಾವನದು. ಊರು ಆ ಮನೆಯನ್ನು ಕರೆಯುತ್ತಿದ್ದ ಹೆಸರಿನಿಂದಲೇ ಅವನ ಮಕ್ಕಳನ್ನೂ ಕರೆಯಿತು, ಅದೇ ನಿಂತುಹೋಯಿತು. ಅವನ ಸ್ವಂತ ಮನೆಹೆಸರು ಬೇರೆ ಇತ್ತು. ಹೆಳವ ಅದನ್ನೂ ಹೇಳಿದ. ಅದನ್ನೂ ನಾನು ಇಲ್ಲಿ ಬರೆಯುವುದಿಲ್ಲ. ತೀರ ಸಾದಾ ಹೆಸರು, ಕೊಟ್ಟಿಗೆಯ ವಾಸನೆಯ ಹೆಸರು.

ದೊಡ್ಡಪ್ಪನ ಮುಖ ನೋಡಲಾಗುತ್ತಿರಲಿಲ್ಲ. "ಹಂಗಾದ್ರೆ ನಾವು... ಮನೆಅಳಿಯನ ಸಂತಾನಾನಾ?"

"ಹೌದಣ್ಣ."

"ನಿನಗೆ ಯಾವಾಗಿಂದ ಗೊತ್ತಿತ್ತೋ?"

"ಅಪ್ಪ ಸತ್ತ ವರ್ಷದಿಂದ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ತಾತ ಸತ್ತದ್ದು ನಾನು ಹುಟ್ಟುವ ಮೊದಲು. ಗೋಡೆಗೆ ಮೊದಲನೆಯ ಪಟ ಏರಿದ್ದೂ ಅದೇ ವರ್ಷ ಎಂದು ಅಮ್ಮ ಹೇಳುತ್ತಿದ್ದಳು. ತಮ್ಮದಲ್ಲದ ಹೆಸರಿಗೆ ಅಪ್ಪ ಮೂವತ್ತು ವರ್ಷ ಗಾಜು ಹಾಕಿಸುತ್ತಾ ಬಂದಿದ್ದರು. ಮನೆಅಳಿಯ ಎಂದರೆ ನಮ್ಮ ಸೀಮೆಯಲ್ಲಿ ಎಂಥ ಹೀನಾಯದ ಮಾತು ಎಂದು ನನಗೆ ಗೊತ್ತು. ಅದನ್ನು ಮುಚ್ಚಿಡಲು ಇಷ್ಟೆಲ್ಲ ಮಾಡಿದವರು ನಾಲ್ಕು ಜನ ಹಿರಿಯರ ಮುಂದೆ ತಾವೇ ಹೆಳವನನ್ನು ಕರೆಸಿ ಬಿಚ್ಚಿಸಿದ್ದರು. ಹಿಂದಿನ ಭಾನುವಾರ ಆಡಿದ ಮಾತಿಗೆ ನನ್ನ ನಾಲಗೆಯನ್ನು ಕಚ್ಚಿಕೊಳ್ಳಬೇಕು ಅನ್ನಿಸಿತು. ಅಪ್ಪ ತಲೆ ತಗ್ಗಿಸಿ ಕೂತಿದ್ದರು, ಕತ್ತರಿ ಹಿಡಿಯುವ ಬೆರಳುಗಳು ಸುಮ್ಮನೆ ಒಂದನ್ನೊಂದು ಉಜ್ಜುತ್ತಿದ್ದವು. ನನಗೆ ಅಳು ಬಂತು.

ಆಗ ಬಾಯಿ ಹಾಕಿದ್ದು ದೊಡ್ಡಮ್ಮ. ಅಲ್ಲಿಯವರೆಗೆ ಬಾಗಿಲ ಚೌಕಟ್ಟಿಗೆ ಒರಗಿ ಬೆಳ್ಳುಳ್ಳಿ ಸುಲಿಯುತ್ತಾ ನಿಂತಿದ್ದವಳು, "ಏನ್ರೀ ಅದು, ಗಂಡಸರೆಲ್ಲ ಸತ್ತ ಮನೇಲಿ ಕೂತಂಗೆ ಕೂತಿದ್ದೀರಿ! ನಮ್ಮ ಹಿರೀಕ ಆ ಮನೆಗೆ ಅಳಿಯ ಅಂದ್ಮೇಲೆ, ಆ ಮನೆಯೋರು ನಮಗೆ ಅಣ್ಣತಮ್ಮ ಹೆಂಗಾಗ್ತಾರೆ? ಹುಡುಗ ಅಣ್ಣ ಅಲ್ಲ ಕಣ್ರೀ, ಬಾವ ಆಗ್ತಾನೆ! ಕೊಡೋದು ತರೋದು ಮಾಡೋ ಸಂಬಂಧವೇ!" ಎಂದಳು.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಳವ, "ಅಮ್ಮೋರು ಹೇಳಿದ್ದು ಸರಿ" ಎಂದ. ಆಮೇಲೆ ಎಲ್ಲರಿಗೂ ಒಟ್ಟಿಗೇ ಹಸಿವಾಯಿತು.

ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಅಚ್ಚಿಗೆ ಕೊಡುವಾಗ ನನಗೊಂದು ಅಳುಕಿತ್ತು. ಎರಡೂ ಕಡೆ ಒಂದೇ ಮನೆಹೆಸರು ಬಂದರೆ ಓದಿದವರೆಲ್ಲ ಫೋನ್ ಮಾಡುತ್ತಾರೆ. ಕರಡು ತಂದು ತೋರಿಸಿದಾಗ ನೋಡಿದೆ. ವರನ ಕಡೆ ಆ ಹೆಸರು ಇತ್ತು. ವಧುವಿನ ಕಡೆ ಅಪ್ಪ ಕೈವಾರದ ಆಚೆಯ ಹಳ್ಳಿಯ ಆ ಕೊಟ್ಟಿಗೆಯ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿಸಿದ್ದರು. ನಾಲ್ಕು ತಲೆಮಾರಿನ ನಂತರ ಆ ಹೆಸರು ಮೊದಲ ಸಲ ಬೆಳಕು ಕಂಡಿತ್ತು. ದೊಡ್ಡಪ್ಪ ಒಂದು ತಿಂಗಳು ಮಾತು ಬಿಟ್ಟರು. ಮದುವೆಯ ದಿನ ಬಂದು ಪಾಯಸ ಎರಡು ಸಲ ಹಾಕಿಸಿಕೊಂಡರು.

ಗೋಡೆ ಖಾಲಿಯಾಗುತ್ತದೆ ಎಂದು ಅಮ್ಮ ಪೊರಕೆ ಹಿಡಿದು ಕಾದಿದ್ದಳು. ಆಗಲಿಲ್ಲ. ಮದುವೆಯಾಗಿ ಮೊದಲ ಸಲ ಗಂಡನೊಂದಿಗೆ ತವರಿಗೆ ಬಂದಾಗ ನೋಡುತ್ತೇನೆ, ಒಂಬತ್ತೂ ಪಟಗಳು ಅಲ್ಲೇ ಇವೆ. ಎರಡನ್ನು ಪಕ್ಕಕ್ಕೆ ಸರಿಸಿ ನಡುವೆ ತಾತನ ಫೋಟೊ ಬಂದಿದೆ. ನನ್ನ ಗಂಡನನ್ನು ಅಪ್ಪ ಆ ಗೋಡೆಯ ಮುಂದೆಯೇ ಕೂರಿಸಿದರು. ಅಷ್ಟರಲ್ಲಿ ಪಕ್ಕದ ಮನೆಯವರು ಬಂದರು. ಅಪ್ಪ ನ್ಯಾಯಮೂರ್ತಿಗಳಿಂದ ಶುರುಮಾಡಿ ಭಾರ ಎತ್ತಿದವಳವರೆಗೆ ಬೆರಳು ತೋರಿಸುತ್ತಾ, "ಇವರೆಲ್ಲ ನಮ್ಮ ಬೀಗರು!" ಎಂದು ಪರಿಚಯ ಮಾಡಿಕೊಟ್ಟರು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯಿತು. ನನ್ನ ಗಂಡ ಎಂದಿನಂತೆ ನಕ್ಕ. ಆ ಒಂಬತ್ತು ಜನರಲ್ಲಿ ಒಬ್ಬರೂ ಅವನ ಮನೆಯವರಿಗೆ ಗೊತ್ತಿಲ್ಲ ಎನ್ನುವುದನ್ನು ನಾನು ಅಪ್ಪನಿಗೆ ಈವರೆಗೆ ಹೇಳಿಲ್ಲ.

ಎರಡು ಪತ್ರಿಕೆ ಈಗಲೂ ಬರುತ್ತವೆ. ಅಪ್ಪ ಈಗ ಹೊಸ ಹೆಸರನ್ನು, ಅಂದರೆ ನಿಜವಾದ ಹಳೆಯ ಹೆಸರನ್ನು ಹುಡುಕುತ್ತಾರೆ. ಕ್ರೀಡೆ, ವಾಣಿಜ್ಯ, ಅಪರಾಧ, ಯಾವ ಪುಟವನ್ನೂ ಬಿಡುವುದಿಲ್ಲ. ಇದುವರೆಗೆ ಒಬ್ಬರೂ ಸಿಕ್ಕಿಲ್ಲ. ನಮ್ಮ ಆ ಪೂರ್ವಜರು ಹೋರಿ ಮೇಯಿಸಿಕೊಂಡು, ಮನೆಅಳಿಯರಾಗಿಕೊಂಡು, ಪತ್ರಿಕೆಗೆ ಸಿಗದ ಹಾಗೆ ಚೆನ್ನಾಗಿ ಬಾಳಿರಬೇಕು.

ನಾನು ಇದನ್ನು ಬರೆಯುತ್ತಿದ್ದೇನೆಂದು ಅಮ್ಮ ಅಪ್ಪನಿಗೆ ಸುಳಿವು ಕೊಟ್ಟಳು. ಮೊನ್ನೆ ಊರಿಗೆ ಹೋದಾಗ ಅಪ್ಪ ಕನ್ನಡಕ ಒರೆಸುತ್ತಾ ಹತ್ತಿರ ಬಂದು ಕೂತರು.

"ಅಚ್ಚಾಗುತ್ತೇನಮ್ಮ ಅದು?"

"ಆಗಬಹುದಪ್ಪ."

"ನಮ್ಮ ಹೆಸರು ಹಾಕಿದ್ದೀಯಾ?"

"ಇಲ್ಲಪ್ಪ. ಯಾವ ಹೆಸರೂ ಹಾಕಿಲ್ಲ. ಅದೂ ಇಲ್ಲ, ಇದೂ ಇಲ್ಲ."

ಅಪ್ಪ ಬೈಯುತ್ತಾರೆ ಎಂದುಕೊಂಡೆ. ಎದ್ದುಹೋಗಿ ಬೀರುವಿನಿಂದ ಕತ್ತರಿ ತಂದು, ಬೆರಳಿನಲ್ಲಿ ಅದರ ಮೊನೆ ನೋಡಿದರು.

"ಬಂದಾಗ ಒಂದು ಪ್ರತಿ ಕೊಡಮ್ಮ. ಹೆಸರಿಲ್ದಿದ್ರೇನು, ನಮ್ಮೋಳೇ ಅಲ್ವಾ."