ಕೆಂಪು ಕಾಯಿಯ ಬೂದು ಸಾಕ್ಷಿ

ನಮ್ಮೂರಿಗೆ ಬರುವ ಫೋಟೋಗ್ರಾಫರುಗಳಿಗೆ ಮುದುಕರ ಸುಕ್ಕಿನ ಮೇಲೆ ಅದೇನು ವ್ಯಾಮೋಹವೋ! ಗಂಗಾವತಿಯ ನಮ್ಮ ಓಣಿಯಲ್ಲಿ, ಚಹಾದಂಗಡಿ ಪಕ್ಕದ ಕಟ್ಟೆಯ ಮೇಲೆ, ನನ್ನ ಮುತ್ಯಾ, ಅಂದರೆ ಅಮ್ಮನ ಅಪ್ಪ, ಮೂವರು ಗೆಳೆಯರೊಂದಿಗೆ ದಿನಾ ಸಂಜೆ ಪಗಡೆ ಆಡುತ್ತಾರೆ. ಹೋದ ವರ್ಷ ಅಲ್ಲಿಗೊಬ್ಬ ಬಂದ. ತಾನು ಇಲ್ಲಿ ಇಲ್ಲವೇ ಇಲ್ಲ ಅಂದುಕೊಂಡು ಆಡಿ ಎಂದ. ಆಮೇಲೆ ಆ ಇಲ್ಲದ ಮನುಷ್ಯ ಪ್ಲಾಸ್ಟಿಕ್ ಕುರ್ಚಿ ತೆಗೆಸಿದ, ಬೈಕ್ ಸರಿಸಿದ, ಗೋಡೆಯ ಕ್ಯೂಆರ್ ಸ್ಟಿಕರಿನ ಮೇಲೆ ಟವೆಲ್ ಇಳಿಬಿಟ್ಟ. ಇದಕ್ಕೆ ಅವನ ಭಾಷೆಯಲ್ಲಿ ಸಹಜ ಚಿತ್ರ ಎಂದು ಹೆಸರು.

ಅವನು ಅತ್ತ ಹೋದದ್ದೇ ಇತ್ತ ಜಗಳ ಎದ್ದಿತು. ಕಿನ್ನಾಳದಿಂದ ತಂದ ಮರದ ಕಾಯಿಗಳಲ್ಲಿ ಮುತ್ಯಾರವು ಕೆಂಪು, ಎದುರು ಕೂರುವ ದರ್ಜಿ ಚಾಚಾನವು ಹಸಿರು. ಗೀಟು ಹಾಕಿದ ಮನೆಯಲ್ಲಿ ನಿಂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಅದರ ಹಿಂದಿನ ಮನೆಯಲ್ಲಿದ್ದ ತಮ್ಮ ಕೊನೆಯ ಕಾಯಿಯನ್ನು ಮುತ್ಯಾ ಬೆರಳಿನಿಂದ ಮುಂದಕ್ಕೆ ಸರಿಸಿಬಿಟ್ಟರು ಎಂಬುದು ಚಾಚಾನ ಆರೋಪ. ಮುತ್ಯಾ ಚಪ್ಪಲಿ ಮೆಟ್ಟಿ ಮನೆಗೆ ಬಂದರು. ಕಾಯಿ ಸರಿಸಿದವನಿಗೆ ಮತ್ತೆ ಕಟ್ಟೆಯ ಮೇಲೆ ಜಾಗವಿಲ್ಲ ಎಂಬ ಕಟ್ಟಳೆ ಮಾಡಿದವರೇ ಅವರು. ಎಂಟು ದಿನ ಟಿವಿ ಮುಂದೆ ಕೂತು, ಅದನ್ನು ನೋಡದೆ, ಅಮ್ಮನ ಸಾರಿನಲ್ಲಿ ತಪ್ಪು ಹುಡುಕಿದರು.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಸಾಕ್ಷಿಯಿಲ್ಲದ ಆರೋಪವನ್ನು ಹಾಗೇ ಬಿಡುವುದು ನನ್ನಿಂದಾಗದು. ಫೋಟೋ ಇದೆಯಲ್ಲ! ಕೊಪ್ಪಳದಲ್ಲಿ ಅವನ ಪ್ರದರ್ಶನ ನಡೆದಿದೆ ಎಂದು ತಿಳಿದು ಬಸ್ ಹತ್ತಿದೆ. ನಮ್ಮ ಕಟ್ಟೆ ಅಲ್ಲಿ ಗೋಡೆಯಗಲ ತೂಗುತ್ತಿತ್ತು. ಕೆಳಗೆ ‘ಕಾಲ ನಿಂತ ಊರು’ ಎಂಬ ಶೀರ್ಷಿಕೆ. ನಿಂತದ್ದು ಕಾಲವಲ್ಲ, ಇವನು ಚೌಕಟ್ಟಿನಾಚೆ ಸರಿಸಿ ನಿಲ್ಲಿಸಿದ್ದ ಬೈಕು. ಹತ್ತಿರ ಹೋಗಿ ನೋಡಿದರೆ, ಗೀಟಿನ ಮನೆಯಲ್ಲಿ ಒಂದು ಕಾಯಿ ಇದೆ, ಹಿಂದಿನ ಮನೆಯಲ್ಲಿ ಇನ್ನೊಂದು. ಎರಡೂ ಬೂದು. ಕೆಂಪು ಯಾವುದು, ಹಸಿರು ಯಾವುದು, ದೇವರೇ ಹೇಳಬೇಕು. ಅಲ್ಲೇ ಇದ್ದ ಅವನಲ್ಲಿ ಬಣ್ಣದ ಪ್ರತಿ ಕೇಳಿದೆ. ತಾನು ಬಣ್ಣದಲ್ಲಿ ತೆಗೆಯುವುದೇ ಇಲ್ಲ, ಬಣ್ಣ ಸತ್ಯದಿಂದ ಗಮನವನ್ನು ಬೇರೆಡೆ ಸೆಳೆಯುತ್ತದೆ ಎಂದು ಅವನು ಕಣ್ಣು ಅರೆಮುಚ್ಚಿ ಹೇಳಿದ. ಬಣ್ಣದ ಮೇಲೇ ನಿಂತ ಆಟದ ಸತ್ಯವಂತೆ!

ಆದರೂ ನನಗೆ ಬೇಕಾದದ್ದು ಅದರಲ್ಲೇ ಸಿಕ್ಕಿತು. ಚಿತ್ರದಲ್ಲಿ ಚಾಚಾ ಟೋಪಿ ಸರಿಮಾಡಿಕೊಂಡು ನೇರ ಕ್ಯಾಮೆರಾ ನೋಡುತ್ತಿದ್ದ. ಉಳಿದಿಬ್ಬರು ಹೊಟ್ಟೆ ಒಳಗೆಳೆದುಕೊಂಡಿದ್ದರು. ಒಂದು ಪ್ರತಿ ಇಸಿದುಕೊಂಡು ಬಂದು, ಮರುದಿನ ಮುತ್ಯಾರನ್ನು ಬಲವಂತದಿಂದ ಕಟ್ಟೆಗೆ ಕರೆದೊಯ್ದೆ.

“ಚಾಚಾ, ನೀವು ಕ್ಯಾಮೆರಾ ನೋಡಾಕತ್ತೀರಿ. ಕಾಯಿ ಸರಿಸಿದ್ದು ಯಾವ ಕಣ್ಣಿಲೆ ನೋಡಿದ್ರಿ?”

ಚಾಚಾ ಚಸ್ಮಾ ಹಾಕಿಕೊಂಡು ಬಹಳ ಹೊತ್ತು ಚಿತ್ರ ನೋಡಿದ.

“ಖರೇ ಐತಿ ಬೇಟಿ, ನಾ ನೋಡಿಲ್ಲ. ನಾವು ಮೂರೂ ಮಂದಿ ಮದುವಣಿಗರಂಗ ಮಾರಿ ಕೊಟ್ಟು ಕುಂತೀವಿ. ಪಗಡಿ ಹಾಸಿನ ಮ್ಯಾಲ ಕಣ್ಣಿದ್ದಾಂವ ನಿಮ್ಮ ಮುತ್ಯಾ ಒಬ್ಬನ. ಇದನ್ನ ತೋರಿಸಾಕ ಕೊಪ್ಪಳಕ್ಕ ಹೋಗಿದ್ದೇನು?”

ಉಳಿದಿಬ್ಬರು ನಕ್ಕರು. ನಾನು ಮುತ್ಯಾರ ಕಡೆ ತಿರುಗಿದೆ. ಇಲ್ಲ ಎಂಬ ಒಂದು ಮಾತು ಸಾಕಿತ್ತು. ಮಿಕ್ಕದ್ದನ್ನು ನಾನು ವಾದಿಸುತ್ತಿದ್ದೆ. ಅವರು ಚಹಾದಂಗಡಿಯ ಒಲೆ ನೋಡುತ್ತ ನಿಂತಿದ್ದರು.

ಚಾಚಾ ಸ್ವಲ್ಪ ಸರಿದು ಜಾಗ ಮಾಡಿದ. “ಆಟ ಬಿಟ್ಟು ಫೋಟೋಕ್ಕ ಮಾರಿ ತಿರುವಿದ್ದು ನಮ್ಮ ತಪ್ಪು. ಇನ್ನ ಮ್ಯಾಲ ಕ್ಯಾಮೆರಾದಾಂವ ಬಂದ್ರ ಮೊದಲ ಹಾಸಿನ ಮ್ಯಾಲ ಟಾವೆಲ್ ಮುಚ್ಚೋದು. ಬಾ, ಕುಂದ್ರು.”

ಮುತ್ಯಾ ಕೂತರು. ದಾಳ ಕೈಗೆ ತೆಗೆದುಕೊಂಡು, ನನ್ನ ಮುಖ ನೋಡದೆ ಹೇಳಿದರು: “ನೀ ಮನಿಗಿ ನಡಿಯವ್ವಾ. ಇಲ್ಲಿ ನಿಂತು ವಾದಾ ಮಾಡಬ್ಯಾಡ.”